ಕೋಣೆ ಹಿಡಿದ ಹಾರ್ನುಗಳು

ನ್ಯಾಮತಿಯ ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದೇ ಕೋಣೆ. ಪೂರ್ವಕ್ಕೆ ಕಿಟಕಿ, ಕಿಟಕಿಯ ಕೆಳಗೆ ಮಂಚ, ಗೋಡೆಗೆ ನಮ್ಮ ಯಜಮಾನರ ಫೋಟೊ. ಈಗ ಅಲ್ಲಿ ಎರಡು ಸ್ಪೀಕರ್‌ಗಳು ಸಂಸಾರ ಹೂಡಿವೆ. ಒಂದೊಂದೂ ಜೋಳ ತುಂಬುವ ಪೆಟ್ಟಿಗೆಯಷ್ಟು ದಪ್ಪ, ಅದರ ತಲೆಯ ಮೇಲೊಂದು ಮರದ ಹಾರ್ನು. ಆ ಹಾರ್ನಿನ ಬಾಯಿ ಎಷ್ಟು ದೊಡ್ಡದೆಂದರೆ ನಮ್ಮ ಬೆಕ್ಕು ಮಧ್ಯಾಹ್ನ ಅದರೊಳಗೆ ಮಲಗಿ ಎದ್ದು ಹೋಗುತ್ತಿತ್ತು. ಬೆಕ್ಕಿಗೆ ಜಾಗ ಸಿಕ್ಕಿತು, ನನಗೆ ತಪ್ಪಿತು. ನನ್ನ ಮಂಚ ನಡುಮನೆಗೆ ಬಂತು, ಟೀವಿಯ ಕೆಳಗೆ. (ಧಾರಾವಾಹಿಯಲ್ಲಿ ಅಳುವವರೆಲ್ಲ ಈಗ ನನ್ನ ತಲೆದಿಂಬಿನ ಮೇಲೆಯೇ ಅಳುತ್ತಾರೆ.)

ಈ ಮಹಾಮೂರ್ತಿಗಳನ್ನು ಕಟ್ಟಿದವನು ನನ್ನ ಮಗ ನಾಗೇಂದ್ರಪ್ಪ. ಬಸ್ ಸ್ಟ್ಯಾಂಡಿನ ಹತ್ತಿರ ಮಿಕ್ಸಿ, ಮೈಕ್ ಸೆಟ್ಟು ರಿಪೇರಿ ಮಾಡುವ ಅಂಗಡಿ ಅವನದು. ಮದುವೆ ಮನೆಯ ಮೈಕು ಬಿಚ್ಚಿ ಜೋಡಿಸುತ್ತಾ, ಅಂಥ ಹಾರ್ನನ್ನು ಮನೆಯೊಳಗೆ ಹಿತವಾಗಿ ಹಾಡಿಸಬೇಕು ಅನ್ನುವ ಹುಚ್ಚು ಹತ್ತಿಸಿಕೊಂಡ.

"ಆ ಬಾಯಿ ಒಂಚೂರು ಸಣ್ಣದು ಮಾಡಾಕೆ ಬರಲ್ವೇನೋ?" ಅಂತ ಕೇಳಿದೆ.

"ಸಣ್ಣದು ಮಾಡಿದ್ರೆ ಮೂಗಿನಾಗೆ ಮಾತಾಡ್ತೈತೆ ಕಣವ್ವ. ದೊಡ್ಡದಿದ್ರೆ ದನಿ ಚೆನ್ನಾಗಿ ಬರ್ತೈತೆ, ಆದ್ರೆ ಜಾಗ ತಿಂತೈತೆ. ಒಂದು ಬೇಕು ಅಂದ್ರೆ ಇನ್ನೊಂದು ಬಿಡ್ಬೇಕು."

"ಬೇಕು ಅಂದಿದ್ದು ನೀನು, ಬಿಟ್ಟಿದ್ದು ನಾನು. ಚೆನ್ನಾಗೈತೆ ನಿನ್ನ ನ್ಯಾಯ."

ಕೊನೆಗೆ ಒಂದು ಒಪ್ಪಂದವಾಯಿತು. ಬಿಳಿಚೋಡಿನ ಅಂಜಿನಪ್ಪ ಅನ್ನುವವರು ಭಾನುವಾರ ಸ್ಪೀಕರ್ ಕೇಳಿ ನೋಡಲು ಬರುವವರಿದ್ದರು. ಅವರು ಒಪ್ಪಿ ಒಯ್ದರೆ ಕೋಣೆ ನನಗೆ ವಾಪಸ್ಸು. ಒಪ್ಪದಿದ್ದರೆ ಇನ್ನೊಬ್ಬ ಗಿರಾಕಿ ಸಿಗುವ ತನಕ ಅವು ಅಲ್ಲೇ ಇರತಕ್ಕದ್ದು. ನನ್ನ ವಯಸ್ಸಿನವರ ಎದುರು 'ಸಿಗುವ ತನಕ' ಅಂತ ವಾಯಿದೆ ಹೇಳಬಾರದು.

ಹಾಗಾಗಿ ಹದ ಮಾಡಿಸುವ ಕೆಲಸಕ್ಕೆ ನಾನೇ ಕುಳಿತೆ. ಕೆಳಗಿನ ಪೆಟ್ಟಿಗೆ ದಪ್ಪ ದನಿ ಹಾಡಬೇಕು, ಮೇಲಿನ ಹಾರ್ನು ಸಣ್ಣ ದನಿ ಹಾಡಬೇಕು. ಎರಡರ ನಡುವೆ ಗಡಿ ಹಾಕುವುದಕ್ಕೆ ತಂತಿಸುರುಳಿಗಳ ಒಂದು ಹಲಗೆ. ಮಗ ಅದಕ್ಕೆ ಕ್ರಾಸ್‌ಓವರ್ ಅನ್ನುತ್ತಾನೆ. ನನ್ನ ಕಣ್ಣಿಗೆ ಅದು ಅಣ್ಣತಮ್ಮಂದಿರ ಹೊಲದ ನಡುವಿನ ಬದು. ಬದುವನ್ನು ಮೇಲಕ್ಕೆ ಸರಿಸಿದರೆ ಪೆಟ್ಟಿಗೆ ತನಗೆ ಬಾರದ ದನಿಯನ್ನೂ ಹಾಡಲು ಹೋಗಿ ಮಂಕಾಗುತ್ತದೆ. ಕೆಳಕ್ಕೆ ಸರಿಸಿದರೆ ಹಾರ್ನು ಕೈಲಾಗದ್ದನ್ನು ಹೊತ್ತು ಕಿರುಚುತ್ತದಂತೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಸಾರಿನ ಉಪ್ಪಿರಲಿ, ಸೊಸೆಗೆ ತಂದ ಸೀರೆಯ ಬಣ್ಣವಿರಲಿ, ಹಿರಿಯಳಾದ ನಾನು ಹೂಂ ಅಂದ ಮೇಲೆ ಅದರ ಮೇಲೆ ಅಪೀಲಿಲ್ಲ. ಸ್ಪೀಕರಿಗೂ ಅದೇ ಕಾನೂನು. ಮಗ ಒಂದು ಭಜನೆ ಹಾಕಿದ.

"ತಾಳ ಎಲ್ಲೋ? ಕಂಬಳಿಯಾಗೆ ಸುತ್ತಿಟ್ಟಂಗೆ ಐತೆ."

ಅವನು ಹಲಗೆಯಿಂದ ಏನೋ ಒಂದು ಕಿತ್ತು, ಇನ್ನೊಂದು ಬೆಸೆದ. "ಈಗ?"

"ಸಾಲದು. ಹಾರ್ನಿಗೆ ಇನ್ನಾ ಬಿಡು."

"ಅವ್ವ, ಹಾರ್ನು ಆಗ್ಲೇ ಜಾಸ್ತಿ ಆದಂಗೈತೆ."

"ನಿಂದು ಮದುವೆ ಮನೆ ಮೈಕಿನ ಕಿವಿ. ನಾನು ಹೇಳ್ದಂಗೆ ಮಾಡು."

ಮಾಡಿದ. ದಿನಾ ಬದು ಸ್ವಲ್ಪ ಸ್ವಲ್ಪ ಕೆಳಕ್ಕೆ ಸರಿಯಿತು. ಬೆಕ್ಕು ಹಾರ್ನಿನಿಂದ ನೆಗೆದು ಓಡಿದ್ದು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅದಕ್ಕೆ ಸಂಗೀತಜ್ಞಾನ ಕಡಿಮೆ. ಸೊಸೆ ರೂಪಶ್ರೀ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಅಡುಗೆ ಮಾಡತೊಡಗಿದಳು. ಅತ್ತೆಯ ಮಾತು ಕೇಳಬಾರದೆಂದು ಹೊಸ ಉಪಾಯ ಕಂಡುಕೊಂಡಿದ್ದಾಳೆ ಅಂತ ನಾನೂ ಎರಡು ದಿನ ಅವಳ ಹತ್ತಿರ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾದಂತೆ ಕಾಣಲಿಲ್ಲ.

ಶನಿವಾರ ಸಂಜೆ ತಾಳ ನನ್ನ ಕಿವಿಗೆ ಬೆಳ್ಳಿ ಗೆಜ್ಜೆಯ ಹಾಗೆ ಬಂತು. ಹೂಂ ಅಂದೆ. ಮಗ ಹಲಗೆಯನ್ನು ಪೆಟ್ಟಿಗೆಯೊಳಗೆ ಕೂರಿಸಿ ಸ್ಕ್ರೂ ಬಿಗಿದ.

ಭಾನುವಾರ ಅಂಜಿನಪ್ಪ ಮಗಳು ಪ್ರಮೀಳಾಳ ಜೊತೆ ಬಂದರು. ನನ್ನದೇ ವಯಸ್ಸು, ಬಿಳಿ ಪಂಚೆ, ಮಾತು ಬಹಳ ಕಡಿಮೆ. ರೂಪಶ್ರೀ ಕೊಟ್ಟ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಪೂರ್ತಿ ತಿಂದು, ಕೈ ತೊಳೆದು, ನನ್ನ ಮಂಚವಿದ್ದ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಮಗ ಭಜನೆ ಹಚ್ಚಿದ.

ಒಂದು ಚರಣ ಮುಗಿಯುವಷ್ಟರಲ್ಲಿ ಪ್ರಮೀಳಾ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬಂದಳು. "ಅಪ್ಪಾಜಿ, ಏಳ್ರಿ. ತಲೆ ಸೀಳ್ತೈತೆ ಇದು."

ಅಪ್ಪಾಜಿ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿತ್ತು. ಮಗ ನನ್ನ ಮುಖ ನೋಡಿದ, ನಾನು ಗೋಡೆಯ ಮೇಲಿನ ಯಜಮಾನರ ಮುಖ ನೋಡಿದೆ. ಬದುಕಿದ್ದಾಗಲೂ ಇಂಥ ಹೊತ್ತಿನಲ್ಲಿ ಅವರು ಬಾಯಿ ಬಿಟ್ಟವರಲ್ಲ. ಹೋಯಿತು ನನ್ನ ಕೋಣೆ, ಇನ್ನು ಸಾಯುವ ತನಕ ಟೀವಿಯ ಕೆಳಗೇ ಅಂದುಕೊಂಡು ಸೆರಗಿನ ತುದಿ ಹಿಂಡುತ್ತಾ ನಿಂತೆ. ಭಜನೆ ಮುಗಿಯುವ ಹಾಗೆ ಕಾಣಲಿಲ್ಲ.

ಮುಗಿಯಿತು. ಅಂಜಿನಪ್ಪ ಕಣ್ಣು ಬಿಟ್ಟರು. ಕಣ್ಣು ಒದ್ದೆಯಾಗಿತ್ತು.

"ತಾಳ ಕೇಳಿಸ್ತು," ಅಂದರು. "ನಮ್ಮೂರ ಭಜನೆಯಾಗೆ ಈಗಿನ ಹುಡುಗ್ರು ತಾಳನೇ ಹಾಕಲ್ಲ ಅಂತ ಬೈಕೊಂಡು ಓಡಾಡ್ತಿದ್ದೆ. ಇವನ್ನ ನಾಳೇನೇ ಕಳ್ಸಪ್ಪ."

ನನಗೆ ಕೋಣೆಯೇ ಬೆಳಗಿದಂತಾಯಿತು. "ಹದ ಮಾಡ್ಸಿದ್ದು ನಾನೇ ಕಣ್ರೀ," ಅಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. "ನಮ್ಮನೆಯಾಗೆ ಇಂಥ ಕಿವಿ ಇನ್ಯಾರಿಗೂ ಇಲ್ಲ."

ಪ್ರಮೀಳಾ ನನ್ನನ್ನೇ ನೋಡಿದಳು. "ಅಜ್ಜಿ, ನಿಮಗೆ ಇದು ಚುಚ್ಚಲಿಲ್ವಾ?"

"ಯಾಕಮ್ಮ ಚುಚ್ಚುತ್ತೆ? ತಿಳಿನೀರಿನಂಗೆ ಐತೆ."

ಅವಳು ಮೊಬೈಲು ತೆಗೆದು ನನ್ನ ಮುಂದೆ ಹಿಡಿದಳು. "ಇದು ಕೇಳ್ತೈತಾ?"

"ಇನ್ನಾ ನೀನು ಹಚ್ಚೇ ಇಲ್ವಲ್ಲ," ಅಂದೆ. ಅಂಜಿನಪ್ಪನವರೂ ಹೌದು ಅನ್ನುವಂತೆ ತಲೆಯಾಡಿಸಿದರು. ಮಗ, ಸೊಸೆ ಇಬ್ಬರೂ ನೆಲ ನೋಡಿದರು.

"ಗುಬ್ಬಿ ಕೂಗೋ ರಿಂಗ್‌ಟೋನ್ ಅಜ್ಜಿ, ಜೋರಾಗೇ ಹೊಡ್ಕೊಳ್ತೈತೆ. ಅಪ್ಪಾಜಿಗೂ ಹಿಂಗೇ. ದಪ್ಪ ದನಿ ಕೇಳ್ತೈತೆ, ಸಣ್ಣ ದನಿ ಹೋಗೈತೆ ಅಂತ ಡಾಕ್ಟ್ರು ಅಂದ್ರು. ವಯಸ್ಸಿಗೆ ಹಂಗೇ ಅಂತೆ."

ರೂಪಶ್ರೀ ಕಿವಿಯಿಂದ ಹತ್ತಿ ತೆಗೆದು ಮೆಲ್ಲಗೆ, "ಅತ್ತೆ, ನಾನು ಹೇಳಾಕೆ ಬಂದಿದ್ದೆ, ನೀವು ಮಾತೇ ಬಿಟ್ಟಿದ್ರಿ," ಅಂದಳು.

ಅಂಜಿನಪ್ಪನವರಿಗೆ ಇದರಿಂದ ಬೇಸರವೇನೂ ಆಗಲಿಲ್ಲ. "ನಮ್ಮ ಭಜನೆ ಮಂಡಳಿ ತುಂಬ ನನ್ನಂಥೋರೇ ಅವ್ರೆ," ಅಂದರು ಮಗನಿಗೆ. "ಎಲ್ರಿಗೂ ಇಂಥವೇ ಬೇಕಾಗ್ತಾವೆ. ಈ ಹದ ಮಾತ್ರ ತಪ್ಪಬಾರ್ದು."

ಸೋಮವಾರ ಹಾರ್ನುಗಳು ಗಾಡಿ ಹತ್ತಿದವು. ನಾನು ಹಾಸಿಗೆ ಸುತ್ತಿಕೊಂಡು ಕೋಣೆಗೆ ಹೋದರೆ ಬಾಗಿಲಿಗೆ ಅಡ್ಡಲಾಗಿ, ಮಂಡಳಿಯವರ ಸ್ಪೀಕರುಗಳಿಗೆಂದು ತಂದ ಹೊಸ ಪ್ಲೈವುಡ್ ಹಲಗೆಗಳು.

"ಕೋಣೆ ನಂದು ಅಂದಿದ್ಯಲ್ಲೋ?"

"ನಿಂದೇ ಅವ್ವ. ಆದ್ರೆ ಹದ ಬಂದಿದ್ದು ಈ ಕೋಣೆಯಾಗೆ. ಬೇರೆ ಕಡೆ ಮಾಡಿದ್ರೆ ದನಿ ಬದ್ಲಾಗ್ತೈತೆ."

ರೂಪಶ್ರೀಗೆ ನನ್ನ ಮೇಲೆ ಕರುಣೆ ಬಂತು. "ಮೊದ್ಲು ಅತ್ತೆನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಾನ. ಕಿವಿಗೆ ಮಿಷನ್ ಹಾಕ್ಸಿದ್ರೆ ಎಲ್ಲಾ ಕೇಳ್ತೈತೆ."

ಮಗ ಗಾಬರಿಯಿಂದ ಎದ್ದು ನಿಂತ. "ಮಿಷನ್ನಾ? ಅವ್ವನ ಕಿವಿ ಯಾರೂ ಮುಟ್ಟಬ್ಯಾಡ್ರಿ. ಆರ್ಡರೆಲ್ಲ ಮುಗೀಲಿ, ಆಮೇಲೆ ನೋಡಾನ."

ಹೆತ್ತ ಮಗ ನನ್ನ ಕಿವಿಯನ್ನು ಇಷ್ಟು ಜೋಪಾನ ಮಾಡುತ್ತಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಈಗ ದಿನಾ ಬೆಳಗ್ಗೆ ನಡುಮನೆಯ ಮಂಚದಿಂದ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನನ್ನ ಸ್ವಂತ ಕೋಣೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ.