ಹುರುಳಿ ಒಕ್ಕಣೆಗೆ ಸಿಕ್ಕ ಸೂಪರ್ ಕಾರು

ಒಂದು ಹಳೇ ಕಾರು, ಒಂದು ಲೋಡು ಶುಂಠಿ, ಎರಡು ಕೊಬ್ಬಿದ ಟಗರು. ಲೋಕದಲ್ಲಿ ಒಂದೇ ಒಂದು ಇರುವ ಸೂಪರ್ ಕಾರಿಗೆ ನಾನು ತೆತ್ತ ಬೆಲೆ ಇಷ್ಟೇ. ವಿದೇಶದಲ್ಲಿ ಇಂಥದ್ದಕ್ಕೆ ಕೋಟಿಗಟ್ಟಲೆ ಸುರಿಯುತ್ತಾರಂತೆ. ಪಾಪ, ಅವರಿಗೆ ಚೌಕಾಸಿ ಬರುವುದಿಲ್ಲ!

ಹುಣಸೂರಿನಲ್ಲಿ ಹಳೇ ಟ್ರ್ಯಾಕ್ಟರು ಕೊಂಡು ಮಾರಿ ಮೇಲೆ ಬಂದವನು ನಾನು. ಇಂಥವನಿಗೆ ಸೂಪರ್ ಕಾರಿನ ಹುಚ್ಚು ಹಿಡಿಸಿದ್ದು ಅಕ್ಕನ ಮಗಳು ಪವಿತ್ರ. ಮಿರ್ಲೆಯ ಅಕ್ಕನ ಮನೆಯಲ್ಲಿ ಅವಳ ಮದುವೆ ಮಾತು ಮುಗಿಸಿ ಊಟಕ್ಕೆ ಕೂತಿದ್ದಾಗ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾವನೋ ದೊರೆಮಗ ಕಾರಿನ ಮೈಯನ್ನೆಲ್ಲ ಕಿತ್ತೆಸೆದು, ತನಗೊಬ್ಬನಿಗೇ ಎಂದು ಬೇರೆ ಮೈ ಕಟ್ಟಿಸಿಕೊಂಡಿದ್ದ. ಚಪ್ಪಟೆ ಮೂತಿ, ನೆಲಕ್ಕಂಟಿದ ಹೊಟ್ಟೆ, ರೆಕ್ಕೆಯಂತೆ ಮೇಲಕ್ಕೇಳುವ ಬಾಗಿಲು. ಅಂಥದ್ದು ಇನ್ನೊಂದು ಇಲ್ಲವಂತೆ.

"ಮಾವ, ಇದು ಗತ್ತಾ, ತಿಕ್ಕಲಾ?" ಎಂದಳು.

"ಗತ್ತು ಕಣವ್ವ! ಇಂಥದ್ರಲ್ಲೇ ನಿನ್ನ ಛತ್ರಕ್ಕೆ ಕರ್ಕೊಂಡೋಗ್ತೀನಿ, ನೋಡ್ತಿರು."

ಪಕ್ಕದಲ್ಲಿದ್ದ ನನ್ನ ಹೆಂಡತಿ ಮಂಜುಳ ಅನ್ನ ಕಲೆಸುವುದನ್ನು ನಿಲ್ಲಿಸಿದಳು. "ಮಾತ್ ಕೊಡ್ಬೇಡಿ ಕಣ್ರೀ. ನೀವು ಮಾತ್ ಕೊಟ್ಟಾಗ್ಲೆಲ್ಲ ಮನೇಲಿ ಏನಾರ ಒಂದು ಕಳ್ದೋಯ್ತದೆ."

ಹಾಗೇ ಆಯಿತು. ಮೊದಲು ಕಳೆದುಹೋದದ್ದು ಟಗರು. ಆಮೇಲೆ ಶುಂಠಿ. ಎರಡೂ ಕಾರಿಗೆ ಹೊಸ ಮೈ ಕಟ್ಟಿಸುವ ಖರ್ಚಿಗೆ.

ಕೆ.ಆರ್. ನಗರದ ಸಿದ್ದಾಚಾರಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರು ಮಾಡುವುದರಲ್ಲಿ ಎತ್ತಿದ ಕೈ. ಮೈ ಕಟ್ಟುವವನಿಗೆ ಟ್ರೇಲರಾದರೇನು, ಸೂಪರ್ ಕಾರಾದರೇನು? ಈ ತರ್ಕ ಆಗ ನನಗೆ ಬಹಳ ಹಿಡಿಸಿತ್ತು. ನನ್ನ ಹಳೇ ಕಾರನ್ನು ಅವನ ಶೆಡ್ಡಿಗೆ ಒಯ್ದೆ. ಆಚಾರಿ ವಿಡಿಯೊವನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ:

"ಮಾಡ್ಬೌದು. ಎಷ್ಟು ಟನ್ ಒರ್ಬೇಕು?"

"ಟನ್ನಲ್ಲ ಆಚಾರ್ರೇ, ಮದುವಣ್ತಿ."

"ಅಂಗಾರೆ ದಪ್ಪ ಶೀಟೇ ಇರ್ಲಿ."

ದಪ್ಪ ಶೀಟು ಅವನಲ್ಲಿ ಮಿಕ್ಕು ಬಿದ್ದಿತ್ತು, ಅಗ್ಗಕ್ಕೆ ಗಿಟ್ಟಿಸಿದೆ. ಬಾಗಿಲನ್ನು ಮೇಲೆತ್ತಿ ನಿಲ್ಲಿಸುವ ಸರಳು ಎರಡು ಬೇಕೆಂದ. ಒಂದು ಸಾಕೆಂದೆ. ಹಾಗಾಗಿ ಎಡಗಡೆಯ ಬಾಗಿಲಿಗೆ ಮಾತ್ರ ಮೇಲೇಳುವ ಭಾಗ್ಯ. ನನ್ನ ಕಡೆಯದನ್ನು ವೆಲ್ಡ್ ಮಾಡಿ ಮುಚ್ಚಿಬಿಟ್ಟ. ಕೊನೆಗೆ ತಲೆ ಕೆರೆದುಕೊಂಡು, "ಮುಂದ್ಕೆ ಎಳೆಯೋ ಕೊಕ್ಕೆ ಒಂದು ಹಾಕ್ಬುಡ್ತೀನಿ. ಅದರ ದುಡ್ಡು ಬ್ಯಾರೆ" ಎಂದ.

"ಸೂಪರ್ ಕಾರಿಗೆ ಕೊಕ್ಕೆಯಾ? ಮಾನ ಓಯ್ತದೆ!"

"ಕೊಕ್ಕೆ ಇಲ್ದೆ ನನ್ನ ಶೆಡ್ಡಿಂದ ಒಂದ್ ಬಾಡಿನೂ ಈಚೆಗೋಗಿಲ್ಲ ಕಣ್ರೀ."

ಎರಡು ಟೀ ಕುಡಿಯುವಷ್ಟು ಹೊತ್ತು ಎಳೆದಾಡಿದೆವು. ಕೊಕ್ಕೆ ಬಿಟ್ಟಿ ಎಂದು ತೀರ್ಮಾನವಾಯಿತು. ನನ್ನ ವ್ಯಾಪಾರಿ ಜೀವನದ ಶಿಖರ ಅದೇ ಎಂದುಕೊಂಡೆ.

ಹೊಸ ಮೈಯ ಭಾರಕ್ಕೆ ಕಾರು ಕುಸಿದು ಕೂತಿತು, ವಿಡಿಯೊದಲ್ಲಿದ್ದದ್ದಕ್ಕಿಂತ ಕೆಳಕ್ಕೆ! ಅಭ್ಯಾಸಬಲದಿಂದ ಆಚಾರಿ ಹಿಂಭಾಗದಲ್ಲಿ 'ರೈತ ಮಿತ್ರ' ಎಂದು ದಪ್ಪಕ್ಷರದಲ್ಲಿ ಬರೆದಿದ್ದ. ಅಳಿಸುವುದಕ್ಕೆ ಬೇರೆ ದುಡ್ಡು ಎಂದ. ಇರಲಿ ಬಿಡು ಎಂದೆ.

ಮದುವೆಯ ಬೆಳಿಗ್ಗೆ ಮಿರ್ಲೆಯಿಂದ ಹೊರಟೆವು. ಕೆ.ಆರ್. ನಗರದ ಛತ್ರದಲ್ಲಿ ಮುಹೂರ್ತ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾನು. ನಾನೂ ಹೆಣ್ಣೂ ತಲುಪದಿದ್ದರೆ ಧಾರೆಯೇ ಇಲ್ಲ.

"ಇದ್ನ ಹತ್ತೋದಾ, ಇದ್ರೊಳಕ್ಕೆ ತೂರೋದಾ?" ಎಂದಳು ಮಂಜುಳ.

ತೂರಿದೆವು. ಮೊದಲು ನಾನು, ಆಮೇಲೆ ಹಿಂದಿನ ಸೀಟಿಗೆ ಮಂಜುಳ, ಕೊನೆಗೆ ರೇಷ್ಮೆ ಸೀರೆ ಎತ್ತಿ ಹಿಡಿದ ಪವಿತ್ರ. ಊರು ದಾಟಿತು. ಜನ ನಿಂತು ನೋಡಿದರು. ಗತ್ತೋ ಗತ್ತು! ತಿರುವು ದಾಟಿದರೆ ರಸ್ತೆಯ ಉದ್ದಕ್ಕೂ ಹುರುಳಿ ಹರಡಿತ್ತು.

ನಮ್ಮ ಕಡೆ ಸುಗ್ಗಿ ಬಂದರೆ ಡಾಂಬರು ರಸ್ತೆಯೇ ಒಕ್ಕಣೆ ಕಣ. ಬಸ್ಸು, ಲಾರಿ ಗಿಡದ ಮೇಲೆ ಹತ್ತಿಕೊಂಡು ಹೋದರೆ ಕಾಳು ಉದುರುತ್ತದೆ, ಬಿಟ್ಟಿ ಕೆಲಸ. ಹುಟ್ಟಿದಾಗಿನಿಂದ ಇದನ್ನು ಕಂಡ ನಾನು, ಆ ದೊರೆಮಗನ ರಸ್ತೆಯಲ್ಲಿ ಹುರುಳಿ ಇರಲಿಲ್ಲ ಎಂಬುದನ್ನು ಮಾತ್ರ ಗಮನಿಸಿರಲಿಲ್ಲ!

ಮುಂದಿದ್ದ ಬಸ್ಸು ಹೋಯಿತು. ಆಟೋ ಹೋಯಿತು. ನಾನೂ ನುಗ್ಗಿದೆ. ಚಪ್ಪಟೆ ಮೂತಿ ಹುರುಳಿಯನ್ನು ಬಾಚಿ ಬಾಚಿ ಹೊಟ್ಟೆಯೊಳಗೆ ತುಂಬಿಕೊಂಡಿತು. ಚಕ್ರ ಗಿರ್ರೆಂದು ನಿಂತಲ್ಲೇ ತಿರುಗಿತು. ಮೊಟ್ಟೆಗೆ ಕೂತ ಕೋಳಿಯಂತೆ ಕಾರು ಸೊಪ್ಪಿನ ಮೇಲೆ ಕೂತುಬಿಟ್ಟಿತು.

"ಮಾವ, ಹೊಗೆ!"

"ಅದು ಹೊಸ ಪೇಂಟಿನ ವಾಸ್ನೆ ಕಣವ್ವ."

"ಪೇಂಟಲ್ಲ ಕಣ್ರೀ," ಮಂಜುಳ ಹಿಂದಿನಿಂದ ಕಿರುಚಿದಳು, "ಉಳ್ಳಿ ಸೊಪ್ಪು ಉರೀತಾ ಐತೆ!"

ಕಾದ ಸೈಲೆನ್ಸರಿಗೆ ಒಣಗಿದ ಹುರುಳಿ ತಾಗಿತ್ತು. ಬಾಗಿಲು ಎತ್ತಿದರೆ ಸರಳು ಜಾರಿ ಕೆಳಗೆ ಬಿತ್ತು. ಮಂಜುಳ ಹಿಂದಿನಿಂದ ಬಗ್ಗಿ ಹೆಗಲು ಕೊಟ್ಟು ಬಾಗಿಲನ್ನು ಹಿಡಿದು ನಿಲ್ಲಿಸಿದಳು. ಪವಿತ್ರ ಹೊರಕ್ಕೆ ಹಾರಿದಳು. ಹಿಂದೆಯೇ ಮಂಜುಳ, ಆಮೇಲೆ ನಾನು, ಅಂಬೆಗಾಲಿನಲ್ಲಿ.

ಹುರುಳಿಯ ಒಡತಿ ಪುಟ್ಟಮ್ಮ ಎರಡು ಕೊಡ ನೀರು ಹೊತ್ತು ಓಡಿಬಂದಳು. ಒಂದನ್ನು ಕಾರಿನ ಹೊಟ್ಟೆಗೆ ಎರಚಿದಳು. ಇನ್ನೊಂದನ್ನು ಎರಚುವ ಮೊದಲು ಹಿಂಭಾಗ ಓದಿದಳು.

"ರೈತ ಮಿತ್ರ ಅಂತ ಬರ್ಕೊಂಡು ರೈತ್ರ ಉಳ್ಳಿಗೆ ಬೆಂಕಿ ಇಕ್ತೀಯಲ್ಲಾ! ಏನ್ಲಾ ಇದು, ಆಮೆಗೆ ಗಾಲಿ ಕಟ್ಕೊಂಡ್ ಬಂದಿದ್ದೀಯಾ?" ಬೆಂಕಿ ಆರಿತು, ಆ ನೀರು ಅರ್ಧ ನನ್ನ ಮೇಲೂ ಬಿತ್ತು. ಆಮೇಲೆ ಪವಿತ್ರಳನ್ನು ಕಂಡು ದನಿ ತಗ್ಗಿಸಿದಳು. "ಅಯ್ಯೋ, ಮದುವಣ್ತಿ! ಮೊದ್ಲು ಮಗೀನ ಕಳ್ಸಾನ. ಆಮೇಲೆ ನಿನ್ನ ನೋಡ್ಕೊತೀನಿ."

ಅವಳ ಮಗ ಖಾಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ತಂದ. ಕಾರಿನ ಮುಂದೆ ಬಗ್ಗಿ ನೋಡಿ ಕೂಗಿದ: "ಅವ್ವೋ, ಇದ್ಕೆ ಕೊಕ್ಕೆ ಐತೆ!"

ಅಷ್ಟು ಇಂಪಾದ ಮಾತನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಟ್ರೇಲರಿನಲ್ಲಿ ಜಮಖಾನ ಹಾಸಿ ಹೆಂಗಸರು ಕೂತರು. ಹಿಂದಕ್ಕೆ ಸರಪಳಿಯಲ್ಲಿ ನನ್ನ ಕಾರು. ಎಳೆಸಿಕೊಳ್ಳುವ ಕಾರಿಗೂ ಸ್ಟೇರಿಂಗ್ ಹಿಡಿಯುವವನು ಬೇಕಲ್ಲ, ಪುಟ್ಟಮ್ಮ ಬಾಗಿಲು ಎತ್ತಿ ಹಿಡಿದಳು, ಒದ್ದೆಬಟ್ಟೆಯಲ್ಲಿ ನಾನು ಮತ್ತೆ ಒಳಗೆ. ಛತ್ರದ ಮುಂದೆ ವಾಲಗ ಊದಿತು, ಜನ ಮುಗಿಬಿದ್ದು ಫೋಟೊ ತೆಗೆದರು. ನನ್ನದಲ್ಲ, ಟ್ರ್ಯಾಕ್ಟರಿನದು! ಬೀಗರು ನನ್ನತ್ತ ಕೈ ತೋರಿಸಿ, "ಹಿಂದ್ಗಡೆ ಅದೇನು?" ಎಂದರು. ಪುಟ್ಟಮ್ಮನ ಮಗ ಗಂಭೀರವಾಗಿ ಹೇಳಿದ: "ಅದೂ ಟ್ರೇಲರ್ರೇ ಕಣಣ್ಣ. ಸ್ವಲ್ಪ ಗಿಡ್ಡ."

ಬಾಗಿಲು ಮತ್ತೆ ಏಳಲೇ ಇಲ್ಲ. ಪುರೋಹಿತರು "ಸೋದರಮಾವ ಎಲ್ಲಿ?" ಎಂದು ಕೂಗುತ್ತಿರುವಾಗ ಸೋದರಮಾವನನ್ನು ಇಬ್ಬರು ಅಡುಗೆಭಟ್ಟರು ಹಿಂದಿನ ಕಿಟಕಿಯಿಂದ, ಮೂಟೆ ಎಳೆದಂತೆ ಎಳೆಯುತ್ತಿದ್ದರು. ಮುಹೂರ್ತ ಮೀರಲಿಲ್ಲ. ಧಾರೆಯ ನೀರು ಬಿದ್ದಾಗ ನನ್ನ ಕಣ್ಣಲ್ಲೂ ನೀರು. ಅರ್ಧ ನೆಮ್ಮದಿಗೆ, ಅರ್ಧ ಹೊಗೆಗೆ. ಪವಿತ್ರ ಬಾಸಿಂಗದ ಸಂದಿಯಿಂದ ಪಿಸುಗುಟ್ಟಿದಳು: "ಮಾವ, ಗತ್ತಾ, ತಿಕ್ಕಲಾ?"

"ಗತ್ತೇ ಕಣವ್ವ. ಟ್ರ್ಯಾಕ್ಟರು."

ಹುರುಳಿಯ ನಷ್ಟಕ್ಕೆ ಪುಟ್ಟಮ್ಮ ಕಾರಿನ ಬಾನೆಟ್ಟನ್ನೇ ಬಿಚ್ಚಿಸಿಕೊಂಡಳು. ಈಗ ಅದನ್ನು ಅಂಗಾತ ಇಟ್ಟು ಎಮ್ಮೆಗೆ ಕಲಗಚ್ಚು ಹುಯ್ಯುತ್ತಾಳೆ. ಅಂಥ ಬಾನಿ ಲೋಕದಲ್ಲಿ ಇನ್ನೊಂದಿಲ್ಲ! ಉಳಿದ ಮೈ ಆಚಾರಿಯ ಶೆಡ್ಡಿಗೆ ಹಿಂತಿರುಗಿತು. ಅಂದೇ ಅವನಿಗೆ ಕೊಕ್ಕೆಯ ದುಡ್ಡು ಕೊಟ್ಟೆ, ಕೇಳಿದ್ದಕ್ಕಿಂತ ಮೇಲೆ ಸೇರಿಸಿ. ಅವನು ಗಾಬರಿಯಿಂದ ನನ್ನ ಹಣೆ ಮುಟ್ಟಿ, "ಉಸಾರಾಗಿದ್ದೀರಾ?" ಎಂದ.

ಆದ್ದರಿಂದ ಓದುಗರೇ, ಅನುಭವಸ್ಥನ ಮಾತು ಕೇಳಿ. ಒಂದೇ ಒಂದು ಇರುವ ಕಾರು ಚೆಂದವೇ, ಆದರೆ ಅದು ಇನ್ನೊಬ್ಬನ ಮನೆಯಲ್ಲಿರಲಿ. ಹೋಗಿ ನೋಡಿ ಬನ್ನಿ. ಕೆಟ್ಟರೆ ಅದಕ್ಕೆ ಬಿಡಿಭಾಗ ಸಿಗದು, ಮಾರಲು ಹೋದರೆ ರೇಟು ಹೇಳುವವರಿಲ್ಲ. ಕಟ್ಟಿಸಿಯೇ ತೀರುತ್ತೇನೆ ಎನ್ನುವವರು ಮೊದಲು ಆರ್‌ಟಿಒ ಅನುಮತಿ ಪಡೆಯಿರಿ. ನಾನು ಪಡೆದಿರಲಿಲ್ಲ, ದಾರಿಯಲ್ಲಿ ಅವರು ಸಿಗದೆ ಪುಟ್ಟಮ್ಮ ಸಿಕ್ಕಿದ್ದು ನನ್ನ ಪುಣ್ಯ. ಎರಡೂ ಬಾಗಿಲು ತೆರೆಯಲಿ. ಹೊಟ್ಟೆಯ ಕೆಳಗೆ ಒಂದು ಕೋಳಿ ತಲೆಯೆತ್ತಿ ನಡೆಯುವಷ್ಟು ಜಾಗ ಇರಲಿ. ಉಳಿದದ್ದಕ್ಕೆಲ್ಲ ಎಷ್ಟು ಬೇಕಾದರೂ ಎಳೆದಾಡಿ, ಕೊಕ್ಕೆಗೆ ಮಾತ್ರ ಚೌಕಾಸಿ ಮಾಡಬೇಡಿ.