ಹಾಡಿಗೆ ಮೊದಲ ಪಾಳಿ

ನಮ್ಮ ಕಾಕಾನಷ್ಟು ಶಾಂತ ಮನುಷ್ಯ ಇಡೀ ಸೋಲಾಪುರದಲ್ಲಿ ಇನ್ನೊಬ್ಬನಿಲ್ಲ. ಕಂಪ್ಯೂಟರಿನಲ್ಲಿ ಹಾಡು ನಡೆದಿರುವಾಗ ಯಾರೂ ಮೌಸ್ ಮುಟ್ಟಬಾರದು, ಅಷ್ಟೇ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಅವನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಗುಮಾಸ್ತನಾಗಿದ್ದ ಕಾಕಾ, ಕಚೇರಿಯವರು ಬೇಡವೆಂದು ಮೂಲೆಗಿಟ್ಟ ಕಂಪ್ಯೂಟರನ್ನು ಮನೆಗೆ ತಂದು, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಿಂದ ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ತುಂಬಿದ. ಪ್ರೊಸೆಸರ್ ಮಾತ್ರ ಮುದಿ. ಪರದೆಯ ಮೇಲೆ ಒಂದು ಕಿಟಕಿ ಸರಿಸಿದರೂ ಹಾಡು ಬಿಕ್ಕಳಿಸುತ್ತಿತ್ತು.

ಒಮ್ಮೆ ಧೂಳು ಒರೆಸುತ್ತ ಅವನ ಹೆಂಡತಿ, ನಮ್ಮ ಕಾಕು, ಮೌಸ್ ಅಲುಗಿಸಿದಳು. ಗಾಯಕ ತಡವರಿಸಿದ.

"ಮುಟ್ಟಬ್ಯಾಡ, ಪ್ರೊಸೆಸರ್‌ಗೆ ತ್ರಾಸ ಆಗ್ತದ."

"ಮುಂಜಾನಿಂದ ರೊಟ್ಟಿ ಬಡ್ಯಾಕತ್ತೀನಿ. ನನಗ ತ್ರಾಸ ಆಗ್ತದೇನಂತ ಒಮ್ಮಿಯರ ಕೇಳೀರೇನ್ರಿ?"

ಕಾಕಾ ಕೈಪಿಡಿ ತೆರೆದ. ಲಿನಕ್ಸಿನಲ್ಲಿ ಪ್ರತಿ ಕೆಲಸಕ್ಕೂ 'ನೈಸ್' ಎಂಬ ಅಂಕಿಯಂತೆ. ಅಂದರೆ ಸಜ್ಜನಿಕೆ. ಅದು ಕಡಿಮೆಯಿದ್ದವರಿಗೆ ಮೊದಲ ಪಾಳಿ.

"ನಮ್ಮ ಆಫೀಸಿನಾಗೂ ಇದ ಪದ್ಧತ ನೋಡು," ಎಂದ.

ಹಾಡಿನ ಸಜ್ಜನಿಕೆಯನ್ನು ಪೂರ್ತಿ ಇಳಿಸಿಬಿಟ್ಟ. ಹಾಡು ಎಣ್ಣೆ ಸುರಿದಂತೆ ಹರಿಯಿತು. ನಿಲ್ಲಿಸಲು ಹೋದರೆ ಪಾಳಿಯೇ ಸಿಗದ ಮೌಸಿನ ಬಾಣ ಜಾಗ ಬಿಟ್ಟು ಕದಲಲಿಲ್ಲ. ಹದಿನೆಂಟು ಹಾಡು ಮುಗಿಯುವವರೆಗೆ ಕೈಕಟ್ಟಿ ಕುಳಿತೆವು.

ಒಂದು ಭಾನುವಾರ ಕಾಕಾ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ನಮ್ಮನ್ನೂ ಕರೆದುಕೊಂಡು ಅಕ್ಕಲಕೋಟದ ಬಸ್ ಹತ್ತಿದ. ಗಂಟಿನಲ್ಲೇನಿದೆ ಎಂದು ಕಂಡಕ್ಟರ್ ಮರಾಠಿಯಲ್ಲಿ ಕೇಳಿದ.

"ಗಾಣೆ ಆಹೆ," ಎಂದ ಕಾಕಾ. ಹಾಡಂತೆ. ಕಂಡಕ್ಟರ್ ಹಾಡಿಗೂ ಅರ್ಧ ತಿಕೀಟು ಹರಿದ.

ಅಕ್ಕಲಕೋಟದಲ್ಲಿ ಕಾಕುವಿನ ತಾಯಿ ಇದ್ದರು. ಗಂಟಲಿನ ಆಪರೇಶನ್ ಆದಮೇಲೆ ಅವರಿಗೆ ಪಿಸುಮಾತಷ್ಟೇ ಉಳಿದಿತ್ತು. ಅವರು ಹಿಂದೊಮ್ಮೆ ಹಾಡಿದ ಬೀಸುವ ಪದದ ಕ್ಯಾಸೆಟ್ಟನ್ನು ಕಾಕಾ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಆಮೇಲೆ ಕ್ಯಾಸೆಟ್ಟಿನ ಟೇಪು ಹರಿದುಹೋಗಿತ್ತು. ಆ ದನಿ ಈಗ ಈ ಡಬ್ಬಿಯೊಳಗೆ ಮಾತ್ರ ಉಳಿದಿತ್ತು.

ಕಾಕಾ ಕಂಪ್ಯೂಟರಿನ ಗಡಿಯಾರ, ಚಿತ್ರ, ಕಿಟಕಿ ಎಲ್ಲ ಮುಚ್ಚಿ ಬರೀ ಕಪ್ಪು ಪರದೆಯಲ್ಲಿ ಪದ ಹಚ್ಚಿದ. ಎಲ್ಲೂ ತುಂಡಾಗಲಿಲ್ಲ.

"ಯಾರ್ದಪಾ ಈ ದನಿ?" ಅಜ್ಜಿ ಪಿಸುಗುಟ್ಟಿದರು.

"ನಿಮ್ದರಿ, ಅತ್ತಿ."

ಪದ ಮುಗಿಯುವವರೆಗೆ ಅಜ್ಜಿ ಡಬ್ಬಿಯತ್ತ ಬಾಗಿ ಕುಳಿತರು. ಆಮೇಲೆ ಕೇಳಿದರು: "ನಾ ಇಷ್ಟ ಚಂದ ಹಾಡ್ತಿದ್ನೇನು?"

"ಹೌದ್ರಿ," ಎಂದು ಕಾಕಾ ಮತ್ತೆ ಮೊದಲಿನಿಂದ ಹಚ್ಚಿದ. ಈ ಸಲ ಅಜ್ಜಿಯ ತುಟಿಗಳು ಸದ್ದಿಲ್ಲದೆ ಪದದ ಜೊತೆ ನಡೆದವು.