ಹೋದವರ ಬ್ರಾಂಚ್‌ಗಳು

ಮುಂಬಯಿಯ ಮಲಾಡಿನ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಈಗ ಬೀಗ ಬಿದ್ದಿದೆ. ಕೊನೆಕೊನೆಗೆ ಅಲ್ಲಿ ನಗು ಬರುತ್ತಿದ್ದುದು ಯಾರದಾದರೂ ಕೆಲಸ ಹೋದ ಮೇಲೆಯೇ. ಜನ ಕಡಿಮೆಯಾದಷ್ಟೂ ಇಂಥ ಪ್ರಸಂಗಗಳು ಹೆಚ್ಚಾದವು.

ಹೆಸರುಗಳು

ನಾವೆಲ್ಲ ನಮ್ಮ ನಮ್ಮ ಹೆಸರಿನ ಬ್ರಾಂಚ್‌ನಲ್ಲಿ, ಅಂದರೆ ಪ್ರೋಗ್ರಾಮಿನ ಬೇರೆ ಬೇರೆ ಕವಲುಗಳಲ್ಲಿ, ಕೋಡ್ ಬರೆದು ಸರ್ವರಿಗೆ ಕಳಿಸುತ್ತಿದ್ದೆವು. ಉಳಿದವರ ಕಂಪ್ಯೂಟರುಗಳು ಅದರ ಪ್ರತಿಯನ್ನು ಇಳಿಸಿಕೊಂಡು ಇಟ್ಟುಕೊಳ್ಳುತ್ತಿದ್ದವು. ಹೊಸದಾಗಿ ಸೇರಿದ ಹುಡುಗಿ ಪರದೆಯ ಮೇಲಿನ ಆ ಹೆಸರುಗಳನ್ನೂ ಖಾಲಿ ಕುರ್ಚಿಗಳನ್ನೂ ನೋಡಿ ಕೇಳಿದಳು:

“ಸರ್, ಇಷ್ಟು ಜನ ಎಲ್ಲಿ ಕೂರ್ತಾರೆ?”

“ಮನೇಲಿ,” ಅಂದೆ.

ಸ್ವಚ್ಛತೆ

ಮ್ಯಾನೇಜರಿಗೆ ಆ ಹೆಸರುಗಳನ್ನು ಕಂಡರೆ ಸಂಕಟ. ಒಂದು ಬೆಳಿಗ್ಗೆ ಹೋದವರ ಬ್ರಾಂಚ್‌ಗಳನ್ನೆಲ್ಲ ಸರ್ವರಿನಿಂದ ಅಳಿಸಿದರು. ಮಧ್ಯಾಹ್ನ ಬಂದು ನೋಡಿದರೆ ನನ್ನ ಪರದೆಯ ಮೇಲೆ ಅವೇ ಹೆಸರುಗಳು.

“ಅರೇ, ಇವರೆಲ್ಲ ಇನ್ನೂ ಇದ್ದಾರಾ?”

“ಸರ್ವರಿನಲ್ಲಿ ಇಲ್ಲ ಸರ್. ನಮ್ಮ ಮಷೀನಿಗೆ ಅದು ಗೊತ್ತಿಲ್ಲ. ‘ಪ್ರೂನ್’ ಅಂತ ನಾವು ಹೇಳಿದರೆ ಮಾತ್ರ ಇಲ್ಲಿಂದಲೂ ಹೋಗ್ತವೆ.”

“ಎಲ್ಲರೂ ಈಗಲೇ ಪ್ರೂನ್ ಮಾಡಿ!”

ಮಾಡಿದೆವು. ಮ್ಯಾನೇಜರು ಬೆವರು ಒರೆಸಿಕೊಂಡು, “ಮನುಷ್ಯರನ್ನು ತೆಗೆಯೋದೇ ಇದಕ್ಕಿಂತ ಸುಲಭ,” ಅಂದರು.

ಜ್ವರ

ಮರುವಾರ ಫೋರ್ಟ್ ಪ್ರದೇಶದ ಗಿರಾಕಿಯೊಬ್ಬರು ಫೋನ್ ಮಾಡಿ, ತಮ್ಮ ಗೋದಾಮಿನ ಪ್ರೋಗ್ರಾಂ ಎಲ್ಲಿ ಎಂದು ಕೇಳಿದರು. ಅದನ್ನು ಬರೆಯುತ್ತಿದ್ದವರು ಉಡುಪಿ ಕಡೆಯ ನಮ್ಮ ಹಿರಿಯ ಸಹೋದ್ಯೋಗಿ. ಅವರನ್ನೂ ತೆಗೆದಾಗಿತ್ತು, ಅವರ ಬ್ರಾಂಚನ್ನೂ ಅಳಿಸಿಯಾಗಿತ್ತು. ಆ ಗಿರಾಕಿ ಕೈಬಿಟ್ಟರೆ ನಾವೆಲ್ಲ ಬೀದಿಗೆ. ಒಂದೊಂದೇ ಮಷೀನು ತಡಕಾಡಿದೆವು. ಎಲ್ಲಿಯೂ ಇಲ್ಲ. ಕೊನೆಗೆ ಸಿಕ್ಕಿದ್ದು ಹೊಸ ಹುಡುಗಿಯ ಮಷೀನಿನಲ್ಲಿ. ಪ್ರೂನ್ ಮಾಡಿದ ದಿನ ಅವಳು ಜ್ವರವೆಂದು ರಜೆ ಹಾಕಿದ್ದಳು.

ಮ್ಯಾನೇಜರು ಅವಳಿಗೆ ಕೈಮುಗಿದು, “ಇನ್ನು ಮೇಲೂ ಆಗಾಗ ಜ್ವರ ಬರಲಿ,” ಎಂದು ಹರಸಿದರು.

ಗ್ರಾಂಟ್ ರೋಡ್

ಬ್ರಾಂಚ್ ಏನೋ ಸಿಕ್ಕಿತು. ಅರ್ಧಕ್ಕೆ ನಿಂತ ಆ ಕೋಡು ಮಾತ್ರ ಯಾರ ತಲೆಗೂ ಹೋಗಲಿಲ್ಲ. ಹಿರಿಯರು ಈಗ ಗ್ರಾಂಟ್ ರೋಡಿನಲ್ಲಿ ಭಾವನ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾರೆಂದು ತಿಳಿದು, ಮ್ಯಾನೇಜರೂ ನಾನೂ ಲೋಕಲ್ ರೈಲು ಹತ್ತಿ ಹೋದೆವು. ತುಂಬ ಸೊರಗಿದ್ದರು. ನನ್ನನ್ನು ಕಂಡು, “ಊಟ ಆಯ್ತಾ ಮಾರಾಯಾ?” ಅಂದರು. ಮ್ಯಾನೇಜರ ಕಡೆ ತಿರುಗಲಿಲ್ಲ.

“ನಿಮ್ಮ ಬ್ರಾಂಚ್ ಸಿಕ್ಕಿದೆ,” ಎಂದು ಮ್ಯಾನೇಜರು ಗೋಗರೆದರು. “ಬಂದು ಮುಗಿಸಿಕೊಡಿ. ಅದೊಂದೇ ಈಗ ನಮಗೆ ಗತಿ.”

ಹಿರಿಯರು ಚೂರೂ ನಗದೆ, ತಲೆಯ ಮೇಲೆ ತೂಗುಹಾಕಿದ್ದ ಹೋಟೆಲಿನ ಬೋರ್ಡಿನತ್ತ ಬೆರಳು ತೋರಿಸಿದರು:

‘ನಮಗೆ ಬೇರೆಲ್ಲೂ ಬ್ರಾಂಚ್ ಇಲ್ಲ.’